ಅಕ್ಷರಸಾಮ್ಯವೂ ಅರ್ಥದ ಋಣವೂ

ಕಳೆದ ಬೇಸಗೆಯಲ್ಲಿ ನೊಣವಿನಕೆರೆಯ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು ಮೂರು ಇಂಗ್ಲಿಷ್ ಶಬ್ದಗಳನ್ನು ಬರೆದು ನನ್ನ ಮುಂದಿಟ್ಟನು: ಅಬ್‌ಸ್ಟೀಮಿಯಸ್, ಫಸೀಷಸ್, ಆರ್ಸೀನಿಯಸ್. "ಇವುಗಳಲ್ಲಿ ಸಮಾನವಾದುದೇನು, ಹೇಳಿ ತಾತ" ಎಂದನು. ಆ ಭಾಷೆಯ ಐದು ಸ್ವರಾಕ್ಷರಗಳಾದ ಎ, ಇ, ಐ, ಓ, ಯು ಎಂಬಿವು ಮೂರರಲ್ಲಿಯೂ ಒಂದೊಂದೇ ಸಲ, ವರ್ಣಮಾಲೆಯ ಕ್ರಮದಲ್ಲಿಯೇ ಬಂದಿವೆ. ಇದನ್ನು ಕಂಡುಹಿಡಿದು ನಾನು ಬೀಗಿದೆನು.

ಹುಡುಗನು ಅಷ್ಟಕ್ಕೆ ಬಿಡದೆ ಅರ್ಥವನ್ನು ಕೇಳಿದನು. ಮೊದಲನೆಯದು ಅನ್ನಪಾನಗಳಲ್ಲಿ ಮಿತಿಯುಳ್ಳವನನ್ನು ಹೇಳುತ್ತದೆ. ಮದ್ಯವೆಂಬರ್ಥದ ಲ್ಯಾಟಿನ್ ಶಬ್ದವೊಂದು ಅದರೊಳಗೆ ಅಡಗಿದೆ. ಎರಡನೆಯದು ಗಾಂಭೀರ್ಯ ತಕ್ಕ ಎಡೆಯಲ್ಲಿ ಹಾಸ್ಯವಾಡುವವನ ಗುಣ. ಮೂರನೆಯದು ಪಾಷಾಣಕ್ಕೆ ಸಂಬಂಧಿಸಿದುದು. "ಇವುಗಳಲ್ಲಿ ನೀವು ಯಾವುದು, ತಾತ?" ಎಂದು ಅವನು ನಕ್ಕನು. ನಾನು ನಗಲಾರದೆ ಹೋದೆನು.

ಹಲವು ವರ್ಷಗಳ ಹಿಂದೆ, ಮಳೆಯಿಲ್ಲದೆ ತೋಟ ಒಣಗಿದ ನೆರೆಯವರೊಬ್ಬರು ನಮ್ಮ ಜಗಲಿಯ ಮೇಲೆ ಕುಳಿತು ತಮ್ಮ ಕಷ್ಟವನ್ನು ತೋಡಿಕೊಂಡಿದ್ದರು. ನಾನೊಂದು ವಿನೋದದ ಮಾತನ್ನಾಡಿದೆನು. ಸುತ್ತಲಿದ್ದವರು ನಕ್ಕರು, ಅವರು ಎದ್ದುಹೋದರು. ಆಮೇಲೆ ನಮ್ಮ ಜಗಲಿಯನ್ನು ಹತ್ತಲಿಲ್ಲ. ಆ ದಿನವೂ ಫಸೀಷಸ್ ಎಂಬ ಶಬ್ದದ ಅರ್ಥ ನನಗೆ ಗೊತ್ತಿದ್ದಿತು. ಹಾಗಾದರೆ ನಾನು ಬಲ್ಲುದೇನು?

ಅಕ್ಷರದ ಆಟವು ಹೀನವೆಂದು ನನ್ನ ಅಭಿಪ್ರಾಯವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಶಬ್ದಾಲಂಕಾರಕ್ಕೆ ಒಂದು ಪರಿಚ್ಛೇದವನ್ನೇ ಕೊಟ್ಟಿದೆ. ಆದರೆ ಅಲ್ಲಿಗೆ ನಿಲ್ಲದೆ ಅರ್ಥಾಲಂಕಾರಕ್ಕೆ ಇನ್ನೊಂದನ್ನು ಕೊಟ್ಟಿದೆ. ಈ ಮೂರು ಶಬ್ದಗಳನ್ನಾದರೋ ಕನ್ನಡ ಲಿಪಿಯಲ್ಲಿ ಬರೆದೊಡನೆ ಅವುಗಳ ಸಾಮ್ಯವೇ ಮಾಯವಾಗುತ್ತದೆ. ನಮ್ಮ ಲಿಪಿಯು ಉಚ್ಚಾರವನ್ನು ಅನುಸರಿಸುತ್ತದೆ, ಇಂಗ್ಲಿಷಿನ ಅಕ್ಷರಜೋಡಣೆಯು ಹಾಗಲ್ಲ. ಲಿಪಿ ಬದಲಾದರೆ ಅಳಿಯುವ ನೆಂಟಸ್ತಿಕೆ ಅದು. ಮಿತಿ, ಕುಚೋದ್ಯ, ವಿಷ ಎಂಬ ಭೇದವಾದರೋ ಯಾವ ಲಿಪಿಯಲ್ಲಿಯೂ ಅಳಿಯದು.

ನಮ್ಮ ಸೀಮೆಯ ಮನೆಗಳ ಅಟ್ಟದಲ್ಲಿ ತೆಂಗಿನಕಾಯಿಗಳು ತಿಂಗಳುಗಟ್ಟಲೆ ಒಣಗುತ್ತವೆ. ಹೊರಗೆ ಎಲ್ಲಕ್ಕೂ ಒಂದೇ ಸಿಪ್ಪೆ. ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಕೊಬ್ಬರಿಯಾಯಿತೋ ಇಲ್ಲವೋ ಎಂಬುದನ್ನು ಅಲ್ಲಾಡಿಸಿ, ಕಿವಿಗೊಟ್ಟು ತಿಳಿಯಬೇಕು. ಶಬ್ದವೂ ಹಾಗೆಯೇ, ಅದನ್ನು ಕಲಿತ ಮನುಷ್ಯನೂ ಹಾಗೆಯೇ. ಒಳಗೆ ಕೊಬ್ಬರಿ ಗಟ್ಟಿಯಾಗಿದೆಯೇ ಎಂಬುದು ಅಲ್ಲಾಡಿಸುವ ಸಂದರ್ಭ ಬಂದಾಗ ಮಾತ್ರ ತಿಳಿಯುತ್ತದೆ. ನನ್ನನ್ನು ಅಲ್ಲಾಡಿಸಿದವನು ಹತ್ತು ವರ್ಷದ ಹುಡುಗನು.

ಒಂದು ಶಬ್ದದ ಅರ್ಥವನ್ನು ಅರಿತವನು ಅದಕ್ಕೆ ಋಣಿಯಾಗುತ್ತಾನೆಂದು ಈಗ ನನಗೆ ತೋರುತ್ತದೆ. ಅರಿಯದವನ ತಪ್ಪಿಗೆ ಕ್ಷಮೆಯುಂಟು. ಹೆಸರಿಟ್ಟು ಗುರುತಿಸಬಲ್ಲವನು ಅದೇ ತಪ್ಪನ್ನು ಮಾಡಿದರೆ ಅವನ ವಿದ್ಯೆಯೇ ಅವನಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಆ ನೆರೆಯವರ ತೋಟಕ್ಕೆ ಹೋಗಿ, ನನ್ನ ಮಾತು ತಪ್ಪಾಯಿತೆಂದು ಹೇಳಿದೆನು. ಅವರು ಏನನ್ನೂ ಹೇಳದೆ ಒಂದು ಎಳನೀರನ್ನು ಕೆತ್ತಿ ಕೈಗೆ ಕೊಟ್ಟರು. ಕ್ಷಮಿಸಿದರೋ ಇಲ್ಲವೋ ನಾನರಿಯೆನು. ಸಾಲದಲ್ಲಿ ಒಂದು ಕಂತು ಸಂದಿತೆಂದು ಮಾತ್ರ ಬಲ್ಲೆನು.