ಮುಚ್ಚಬಾರದ ರಂಧ್ರ



ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನವನ್ನು ಈ ತಿಂಗಳು ನಿಮ್ಮ ಮನೆಗಳಲ್ಲಿ ಓದಬೇಕೆಂದು ಬೇಡಿಕೊಳ್ಳುತ್ತೇವೆ. ಹೊಸ ಮನೆಯನ್ನು ಕಟ್ಟುವವನು ಅದರ ಮಾಳಿಗೆಯ ಸುತ್ತಲೂ ಚಿಕ್ಕ ಗೋಡೆಯನ್ನು ಎತ್ತಬೇಕೆಂದೂ, ಎತ್ತದೆ ಇದ್ದು ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಮನೆಯವರ ಮೇಲೆ ಬರುವುದೆಂದೂ ಅಲ್ಲಿ ಕಟ್ಟಳೆಯಿದೆ. ಇಸ್ರಾಯೇಲ್ಯರ ಮನೆಗಳು ಮಟ್ಟಸವಾದ ಮಾಳಿಗೆಯುಳ್ಳವು. ಜನರು ಅದರ ಮೇಲೆ ನಾರನ್ನು ಒಣಗಿಸುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಬೇಸಗೆಯಲ್ಲಿ ಮಲಗುತ್ತಿದ್ದರು. ಶಿಕಾರಿಪುರ ಸೊರಬ ಸೀಮೆಯ ಹಳೆಯ ಮನೆಗಳಿಗೋ ಮಳೆಯ ದೆಸೆಯಿಂದ ಇಳಿಜಾರಾದ ಹಂಚಿನ ಮಾಡು. ಹಂಚಿನ ಮಾಡಿನ ಮೇಲೆ ಯಾರು ಮಲಗುವರು? ಆದಕಾರಣ ಈ ವಚನವು ನಮಗೆ ಸಂಬಂಧಪಟ್ಟದ್ದಲ್ಲವೆಂದು ನಾವು ಬಹುಕಾಲ ಎಣಿಸಿದ್ದೆವು. ಅದು ನಮ್ಮ ಅಡಿಗೆಮನೆಗೇ ಸಂಬಂಧಪಟ್ಟದ್ದೆಂದು ಹೋದ ಮಳೆಗಾಲದಲ್ಲಿ ಕಲಿತೆವು. ಕಲಿತ ಬಗೆಯನ್ನು ನಾಚಿಕೆಯಿಂದ ಬರೆಯುತ್ತೇವೆ.

ನಮ್ಮ ಮನೆಯಲ್ಲಿ ಒಂದು ಕುಕ್ಕರ್ ಇತ್ತು. ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ತಾಯಿಯವರು ಅಡಿಕೆ ಸುಲಿದ ಕೂಲಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಸಿ ಅದನ್ನು ಕೊಂಡುತಂದರು. ಇಪ್ಪತ್ತೆಂಟು ವರುಷ ಅದು ನಮಗೆ ಅನ್ನವನ್ನು ಬೇಯಿಸಿತು. ಮೊದಲು ಸೌದೆಯ ಒಲೆಯ ಮಸಿಯನ್ನೂ, ಬಳಿಕ ಗ್ಯಾಸಿನ ಒಲೆಯ ಉರಿಯನ್ನೂ ತಾಳಿತು. ಅದರ ಗ್ಯಾಸ್ಕೆಟ್ಟನ್ನು ಎಷ್ಟು ಸಲ ಬದಲಾಯಿಸಿದೆವೋ ಲೆಕ್ಕವಿಲ್ಲ; ಹಿಡಿಯನ್ನು ಎರಡು ಸಲ ಹಾಕಿಸಿದೆವು. ನಮ್ಮ ಮದುವೆಯಾದ ಮೇಲೆ ತಾಯಿಯವರು ಅದನ್ನು ಸೊಸೆಯ ಕೈಗೆ ಕೊಟ್ಟರು.

ಕುಕ್ಕರಿನ ಕೆಲಸವನ್ನು ಎಲ್ಲರೂ ಬಲ್ಲರು, ಅದರ ಕಾರಣವನ್ನು ಕೆಲವರೇ ಬಲ್ಲರು. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಎಷ್ಟು ಉರಿಯನ್ನು ಹಾಕಿದರೂ ಅದಕ್ಕಿಂತ ಬಿಸಿಯಾಗದೆ ಉಗಿಯಾಗಿ ಹೋಗುತ್ತದೆ. ಆ ಉಗಿಯನ್ನು ಹಿಡಿದಿಟ್ಟರೆ ಒತ್ತಡವು ಹೆಚ್ಚಿ, ನೀರು ಸುಮಾರು 120 ಡಿಗ್ರಿಯವರೆಗೂ ಕಾಯುತ್ತದೆ. ಆದ್ದರಿಂದಲೇ ಬೇಳೆಯು ಬೇಗನೆ ಬೇಯುತ್ತದೆ. ಒತ್ತಡವು ಅಳತೆಯನ್ನು ಮೀರದಂತೆ, ಮುಚ್ಚಳದ ಕೊಳವೆಯ ಮೇಲೆ ಕುಳಿತ ತೂಕವು ಮೇಲಕ್ಕೆದ್ದು ಸೀಟಿ ಹಾಕಿ ಉಗಿಯನ್ನು ಬಿಡುತ್ತದೆ. ಬೇಳೆಯ ಸಿಪ್ಪೆಯು ಸಿಕ್ಕಿ ಆ ಕೊಳವೆಯು ಕಟ್ಟಿಕೊಂಡರೆ, ಇಲ್ಲವೆ ನೀರು ಬತ್ತಿ ಪಾತ್ರೆಯು ಸುಡತೊಡಗಿದರೆ, ಸೇಫ್ಟಿ ವಾಲ್ವಿನೊಳಗಣ ಮೆದುವಾದ ಲೋಹವು ಕರಗಿ ಉಗಿಗೆ ದಾರಿಯನ್ನು ಕೊಡುತ್ತದೆ. ತಾನು ಕೆಟ್ಟು ಮನೆಯನ್ನು ಉಳಿಸುವುದೇ ಅದರ ಕೆಲಸ.

ಇಂಥ ಪಾತ್ರೆಯನ್ನು ಮೊದಲು ಮಾಡಿದವನು ದೆನಿ ಪಾಪಾಂ ಎಂಬ ಫ್ರೆಂಚ್ ಪ್ರೊಟೆಸ್ಟೆಂಟನು. 1679ರಲ್ಲಿ ಆತನು ಲಂಡನ್ ಪಟ್ಟಣದ ರಾಯಲ್ ಸೊಸೈಟಿಯ ವಿದ್ವಾಂಸರಿಗೆ ಅದನ್ನು ತೋರಿಸಿದನು. ಗಟ್ಟಿಯಾದ ಎಲುಬುಗಳನ್ನೂ ಮೆತ್ತಗೆ ಬೇಯಿಸಿ ಆಹಾರಕ್ಕೆ ಒದಗಿಸಬೇಕೆಂಬುದು ಆತನ ಉದ್ದೇಶವಾಗಿತ್ತು. 1685ರಲ್ಲಿ ಫ್ರಾನ್ಸಿನ ಅರಸನು ಪ್ರೊಟೆಸ್ಟೆಂಟರಿಗಿದ್ದ ಸ್ವಾತಂತ್ರ್ಯವನ್ನು ರದ್ದುಮಾಡಿದ್ದರಿಂದ ಆತನು ಸ್ವದೇಶಕ್ಕೆ ಮರಳಲಾರದೆ ಪರದೇಶಗಳಲ್ಲಿಯೇ ದುಡಿದನು. ಆತನ ಬುದ್ಧಿವಂತಿಕೆಯಲ್ಲಿ ನಾವು ಮುಖ್ಯವಾಗಿ ನೋಡಬೇಕಾದದ್ದು ಇದು: ಉಗಿಯನ್ನು ಹಿಡಿಯುವುದನ್ನು ಕಲಿತವನೇ ಅದನ್ನು ಬಿಡುವ ವಾಲ್ವನ್ನೂ ಮಾಡಿದನು. ಮಾಳಿಗೆಯನ್ನು ಕಟ್ಟಿದವನೇ ಅದರ ಸುತ್ತ ಚಿಕ್ಕ ಗೋಡೆಯನ್ನೂ ಎತ್ತಿದನೆಂದು ಹೇಳಬಹುದು.

ನಮ್ಮ ಸೀಮೆಯ ರೈತರಿಗೆ ಇದು ಹೊಸ ಮಾತಲ್ಲ. ಇದು ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲಿನ ಕಂಬದ ಶಾಸನವು ಕದಂಬರ ಕಾಕುಸ್ಥವರ್ಮನು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅದು ಸುಮಾರು 1500 ವರುಷಗಳ ಹಿಂದಿನದು. ಅಷ್ಟು ಕಾಲದಿಂದ ಕೆರೆಯ ನೀರನ್ನು ಕುಡಿದ ನಾಡಿನವರಿಗೆ ಕೋಡಿಯೆಂದರೆ ಏನೆಂದು ಹೇಳಬೇಕೇ? ಏರಿಯು ನೀರನ್ನು ಹಿಡಿಯುತ್ತದೆ. ಹೆಚ್ಚಾದದ್ದನ್ನು ಕೋಡಿಯು ಬಿಡುತ್ತದೆ. ಒಂದು ಗೇಣು ನೀರು ಹೆಚ್ಚಾಗಿ ನಿಲ್ಲಲೆಂದು ಆಸೆಪಟ್ಟು ಕೋಡಿಗೆ ಮಣ್ಣು ಹಾಕಿದವನು ಆ ಗೇಣು ನೀರನ್ನಲ್ಲ, ಕೆಳಗಿನ ಗದ್ದೆಗಳನ್ನೆಲ್ಲಾ ಕಳೆಯುವನು.

ಇದನ್ನು ಬಲ್ಲ ನಾವೇ ಕೋಡಿಗೆ ಮಣ್ಣು ಹಾಕಿದೆವು.

ಹೋದ ಮಳೆಗಾಲದಲ್ಲಿ ಕುಕ್ಕರಿನ ಸೇಫ್ಟಿ ವಾಲ್ವು ಒಂದೇ ತಿಂಗಳಲ್ಲಿ ಎರಡು ಸಲ ಕರಗಿಹೋಯಿತು. ವಾಲ್ವು ಕಳಪೆಯಾಗಿದೆಯೆಂದು ನಾವು ದೂರಿದೆವೇ ಹೊರತು ಅದು ಏಕೆ ಕರಗಿತೆಂದು ಕೇಳಲಿಲ್ಲ. “ಇದರ ಸದ್ದು ಮೊದಲಿನಂತಿಲ್ಲ; ಸೀಟಿ ಸರಿಯಾಗಿ ಏಳುವುದಿಲ್ಲ, ಒಮ್ಮೆ ನೋಡಿ” ಎಂದು ನಮ್ಮ ಮನೆಯವರು ಹೇಳಿದರು. ಇದ್ದುದರಲ್ಲಿ ತೃಪ್ತಿಯಿಂದಿರಬೇಕೆಂದು ನಾವು ಅವರಿಗೆ ಬೋಧಿಸಿದೆವು.

ಬಳಿಕ ಅದನ್ನು ಶಿರಾಳಕೊಪ್ಪಕ್ಕೆ ತೆಗೆದುಕೊಂಡುಹೋಗಿ, ಒಲೆ ಕುಕ್ಕರುಗಳನ್ನು ರಿಪೇರಿ ಮಾಡುವ ಒಬ್ಬ ವೃದ್ಧರಿಗೆ ಕೊಟ್ಟು, ವಾಲ್ವಿನ ರಂಧ್ರವನ್ನು ರಿವೆಟ್ ಹೊಡೆದು ಮುಚ್ಚಿಕೊಡಿರೆಂದು ಕೇಳಿದೆವು. ಅವರು ಪಾತ್ರೆಯನ್ನು ಬೋರಲು ಹಾಕಿ ನೋಡಿದರು. ತಳವು ಉಬ್ಬಿತ್ತು. ಕೊಳವೆಯೊಳಗೆ ಊದಿ ನೋಡಿದರು. ಅದು ಅರ್ಧ ಕಟ್ಟಿಕೊಂಡಿತ್ತು. “ಸ್ವಾಮಿ, ಮುಚ್ಚಿಕೊಟ್ಟರೆ ನನಗೆ ನಾಲ್ಕು ಕಾಸು ಸಿಕ್ಕೀತು. ಆದರೆ ಇದರ ಮುಂದೆ ನಿಲ್ಲುವವರು ನೀವಲ್ಲ, ನಿಮ್ಮ ಮನೆಯವರು. ಇದರ ಕಾಲ ಮುಗಿಯಿತು, ಹೊಸದನ್ನು ತಗೊಳ್ಳಿ” ಎಂದು ಹೇಳಿ ಹಿಂದಕ್ಕೆ ಕೊಟ್ಟರು.

ಪ್ರಿಯರೇ, ಆ ವೃದ್ಧರು ನಮ್ಮ ಸಭೆಯವರಲ್ಲ. ಆದರೂ ಆ ದಿವಸ ದೇವರ ಕಟ್ಟಳೆಯನ್ನು ಹೇಳಿದವರು ಅವರೇ. ಕೇಳದೆ ಹೋದವರು ಉಪದೇಶಿಗಳಾದ ನಾವು. ಹಣವಿಲ್ಲದೆ ಹೀಗೆ ಮಾಡಿದೆವೆಂದು ಹೇಳಿದರೆ ಸುಳ್ಳಾದೀತು. ಹಿಂದಿನ ಆದಿತ್ಯವಾರ ಸೊರಬದ ಕಡೆಯ ಒಂದು ಸಭೆಯಲ್ಲಿ ಮಿತವ್ಯಯದ ವಿಷಯವಾಗಿ ಪ್ರಸಂಗಿಸುತ್ತಾ, ಇದೇ ಕುಕ್ಕರನ್ನು ದೃಷ್ಟಾಂತವಾಗಿ ಎತ್ತಿ ಹೊಗಳಿದ್ದೆವು. ಒಂದು ವಾರದೊಳಗೆ ಹೊಸದನ್ನು ಕೊಂಡರೆ ಜನರು ಏನನ್ನುವರೋ ಎಂಬ ಅಭಿಮಾನವು ನಮ್ಮನ್ನು ಹಿಡಿದಿತ್ತು. ಬೇರೊಂದು ಕಡೆಗೆ ಹೋಗಿ ಹಟಮಾಡಿ ರಂಧ್ರವನ್ನು ಮುಚ್ಚಿಸಿದೆವು.

ಹನ್ನೊಂದನೆಯ ದಿವಸ ಬೆಳಿಗ್ಗೆ ಅದು ಸಿಡಿಯಿತು. ಮುಚ್ಚಳವು ಮಾಡಿಗೆ ಬಡಿದು ನಾಲ್ಕು ಹಂಚುಗಳನ್ನು ಒಡೆಯಿತು. ಕುದಿಯುವ ಬೇಳೆಯು ನಮ್ಮ ಮನೆಯವರ ಬಲತೋಳಿನ ಮೇಲೂ ಕುತ್ತಿಗೆಯ ಮೇಲೂ ಬಿತ್ತು. ಹೊಸ್ತಿಲ ಬಳಿಯಲ್ಲಿ ಅಕ್ಕಿ ಆರಿಸುತ್ತಿದ್ದ ತಾಯಿಯವರಿಗೆ ದೇವರ ದಯೆಯಿಂದ ಏನೂ ಆಗಲಿಲ್ಲ. ನೆರೆಯವರು ಹಲ್ಲುಜ್ಜುವ ಪೇಸ್ಟನ್ನು ತಂದರು. ಶಾಲೆಯಲ್ಲಿ ಕಲಿತಿದ್ದ ನೆರೆಮನೆಯ ಹುಡುಗಿಯೊಬ್ಬಳು ಅದನ್ನು ತಡೆದು, ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರನ್ನು ಸುರಿಸಿ ಆಸ್ಪತ್ರೆಗೆ ಕಳುಹಿಸಿದಳು. ಅದೇ ಸರಿಯಾದ ಕ್ರಮ, ನೀವೂ ನೆನಪಿಡಿರಿ. ಗಾಯವು ಮಾಗಿತು, ಕಲೆಯು ಉಳಿಯಿತು. ನಾವು ಕ್ಷಮೆಯನ್ನು ಬೇಡಿದಾಗ ಅವರು, “ತಾಳ್ಮೆಯ ಪ್ರಸಂಗ ಮಾಡಿದವರು ನೀವು, ಒಲೆಯ ಮುಂದೆ ತಾಳಿದವಳು ನಾನು” ಎಂದು ಮಾತ್ರ ಹೇಳಿದರು. ಇದಕ್ಕೆ ಉತ್ತರವು ನಾವು ಓದಿದ ಯಾವ ಶಾಸ್ತ್ರದಲ್ಲಿಯೂ ನಮಗೆ ಸಿಕ್ಕಲಿಲ್ಲ.

ಈ ಸಂಗತಿಯಿಂದ ನಾವೆಲ್ಲರೂ ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದು, ಸರಿಮಾಡತಕ್ಕದ್ದನ್ನು ಸರಿಮಾಡಬೇಕು. ಹಳೆಯದೆಂಬ ಕಾರಣಕ್ಕೆ ವಸ್ತುವನ್ನು ಎಸೆಯುವುದು ಅದರಲ್ಲಿರುವ ದುಡಿಮೆಯನ್ನು ತಾತ್ಸಾರ ಮಾಡಿದಂತೆ. ಗ್ಯಾಸ್ಕೆಟ್ ಗಟ್ಟಿಯಾಗಿ ಉಗಿ ಸೋರಿದರೆ ಹೊಸದನ್ನು ಹಾಕಿರಿ. ಹಿಡಿಯು ಸಡಿಲಾದರೆ ಸ್ಕ್ರೂವನ್ನು ಬಿಗಿಯಿರಿ. ಕೊಳವೆಯನ್ನು ದಿನಾಲು ಬೆಳಕಿಗೆ ಹಿಡಿದು ನೋಡಿ, ಕಟ್ಟಿದ್ದರೆ ಬಿಡಿಸಿರಿ. ನೊರೆಯೇಳುವ ಬೇಳೆಕಾಳುಗಳನ್ನು ನೀರೂ ಸೇರಿ ಅರ್ಧ ಪಾತ್ರೆಗಿಂತ ಹೆಚ್ಚು ತುಂಬಬೇಡಿರಿ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳಲು ಜನರಿಗೆ ಅನುಕೂಲವಾಗಲೆಂದು ಕೇಂದ್ರ ಸರ್ಕಾರವು 2022ರ ದಶಂಬರದಲ್ಲಿ ಒಂದು ಏರ್ಪಾಡನ್ನೂ ಆರಂಭಿಸಿದೆ. ಬಳಕೆದಾರರ ದೂರುಗಳಿಗೆ 1915 ಎಂಬ ಫೋನ್ ಸಂಖ್ಯೆಯಿದೆ.

ಎರಡನೆಯದು, ಬಿಡತಕ್ಕದ್ದನ್ನು ಬಿಡಬೇಕು. ತಳ ಉಬ್ಬಿದ ಪಾತ್ರೆ, ಸೀಳಿದ ಮುಚ್ಚಳ, ಬಾಯಿ ಸೊಟ್ಟಗಾದ ಕುಕ್ಕರು, ಇವುಗಳಿಗೆ ಮದ್ದಿಲ್ಲ. ಕರಗಿದ ವಾಲ್ವಿಗೆ ಬದಲಾಗಿ ಅದೇ ಜಾತಿಯ ಹೊಸ ವಾಲ್ವನ್ನೇ ಹಾಕಬೇಕು. ಮೊಳೆ, ರಿವೆಟ್, ಬೆಸುಗೆ ಇವು ಒಂದೂ ಸಲ್ಲದು. ಹೊಸ ಕುಕ್ಕರಿನ ಮೇಲೆ ಐಎಸ್‌ಐ ಗುರುತು ಇರಲೇಬೇಕೆಂಬ ನಿಯಮವು 2021ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಕೊಳ್ಳುವಾಗ ಅದನ್ನು ನೋಡಿಕೊಳ್ಳಿರಿ. ಬಿಟ್ಟ ವಸ್ತುವೂ ವ್ಯರ್ಥವಾಗುವುದಿಲ್ಲ. ಹಳೆಯ ಅಲ್ಯುಮಿನಿಯಮ್ಮನ್ನು ಕರಗಿಸಿ ಹೊಸದು ಮಾಡಲು, ಅದಿರಿನಿಂದ ಮಾಡಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಐದು ಪಾಲಿನಷ್ಟು ಸಾಕು. ನಮ್ಮ ಮುಚ್ಚಳವು ಗುಜರಿಗೆ ಹೋಯಿತು. ಪಾತ್ರೆಯನ್ನು ತಾಯಿಯವರು ಬಿಡಲೊಲ್ಲದೆ ಕೋಳಿಗಳಿಗೆ ನೀರಿಡಲು ಇಟ್ಟುಕೊಂಡಿದ್ದಾರೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಉಳಿತಾಯವನ್ನು ಮಾಡುವಾಗ ಅದರ ಅಪಾಯವನ್ನು ಹೊರುವವರು ಯಾರೆಂದು ಕೇಳಬೇಕು. ತನ್ನ ಊಟವನ್ನು ಕಡಿಮೆ ಮಾಡಿ ಉಳಿಸುವವನು ಮಿತವ್ಯಯಿ. ಇನ್ನೊಬ್ಬರ ಮೈಯನ್ನು ಅಡವಿಟ್ಟು ಉಳಿಸುವವನು ಲೋಭಿ. ನಾವು ಉಳಿಸಿದ್ದು ನಮ್ಮದಾಗಿರಲಿಲ್ಲ. ನಮ್ಮ ಮನೆಯವರ ತೋಳನ್ನು ನಾವು ಅಡವಿಟ್ಟಿದ್ದೆವು. ಬೀಸುವ ಕಲ್ಲನ್ನಾಗಲಿ ಅದರ ಮೇಲ್ಕಲ್ಲನ್ನಾಗಲಿ ಅಡವು ತೆಗೆದುಕೊಳ್ಳುವವನು ಜೀವವನ್ನೇ ಅಡವು ತೆಗೆದುಕೊಳ್ಳುತ್ತಾನೆಂದು ಅದೇ ಪುಸ್ತಕದ 24ನೆಯ ಅಧ್ಯಾಯವು ಹೇಳುತ್ತದೆ. ದೇವರು ಅಡಿಗೆಮನೆಯ ಸಾಮಾನನ್ನು ಕ್ಷುಲ್ಲಕವೆಂದು ಎಣಿಸುವುದಿಲ್ಲ. ಅದರ ಪಕ್ಕದಲ್ಲಿ ನಿಂತಿರುವ ಮನುಷ್ಯರನ್ನು ಆತನು ನೋಡುತ್ತಾನೆ.

ಇದಲ್ಲದೆ ಪ್ರತಿಯೊಂದು ಮನೆಯಲ್ಲಿಯೂ ಪ್ರತಿಯೊಂದು ಹೃದಯದಲ್ಲಿಯೂ ಇಂಥ ರಂಧ್ರವೊಂದಿದೆ. ಮನೆಯಲ್ಲಿ ಅದು ‘ಸದ್ದು ಬೇರೆಯಾಗಿದೆ’ ಎಂದು ಹೇಳುವವರ ಮಾತು. ಹೃದಯದಲ್ಲಿ ಅದು ಮನಸ್ಸಾಕ್ಷಿ. ಅದು ನೋಯಿಸಿದಾಗ, ಏಕೆ ನೋಯಿತೆಂದು ವಿಚಾರಿಸುವ ಬದಲಾಗಿ ನೋಯಿಸಬೇಡವೆಂದು ಬಾಯಿ ಮುಚ್ಚಿಸುತ್ತೇವೆ. ಹೆಂಡತಿಯ ಬಾಯನ್ನು ವೇದವಾಕ್ಯದಿಂದ ಮುಚ್ಚುವ ಗಂಡನೂ, ಸಭೆಯ ಬಡವನ ದೂರನ್ನು ಸಮಾಧಾನದ ಹೆಸರಿನಲ್ಲಿ ಮುಚ್ಚುವ ಹಿರಿಯನೂ ರಿವೆಟ್ ಹೊಡೆಯುವವರೇ. ಮುಚ್ಚಿದ ಮೇಲೆ ಮನೆಯು ಶಾಂತವಾಗಿ ತೋರುತ್ತದೆ. ನಮ್ಮ ಕುಕ್ಕರು ಹತ್ತು ದಿವಸ ಬಹಳ ಶಾಂತವಾಗಿತ್ತು.

ಈಗ ನಮ್ಮ ಮನೆಯಲ್ಲಿ ಹೊಸ ಕುಕ್ಕರಿದೆ. ಅದನ್ನು ಆರಿಸಿದವರು ನಮ್ಮ ಮನೆಯವರು. ಹಣವನ್ನು ಎಣಿಸಿಕೊಟ್ಟು ಚೀಲವನ್ನು ಹೊತ್ತುತಂದವರು ಮಾತ್ರ ನಾವು. ಶಿರಾಳಕೊಪ್ಪದ ಆ ವೃದ್ಧರ ಬಳಿಗೂ ಹೋಗಿ ನಡೆದದ್ದನ್ನು ತಿಳಿಸಿದೆವು. ಅವರು ನಮ್ಮನ್ನು ಜರೆಯಲಿಲ್ಲ, “ತಂಗಿ ಹೇಗಿದ್ದಾರೆ?” ಎಂದು ವಿಚಾರಿಸಿದರು. ಮಿತವ್ಯಯವನ್ನು ಕುರಿತು ನಾವು ಪ್ರಸಂಗಿಸಿದ ಸಭೆಯ ಮುಂದೆಯೂ ನಿಂತು ಇದೆಲ್ಲವನ್ನೂ ಅರಿಕೆ ಮಾಡಿದೆವು.

ಆದಕಾರಣ, ಪ್ರಿಯರೇ, ಈ ಹೊತ್ತು ಮನೆಗೆ ಹೋಗಿ ನಿಮ್ಮ ಕುಕ್ಕರಿನ ಮುಚ್ಚಳವನ್ನು ತಿರುಗಿಸಿ ನೋಡಿರಿ. ಗಂಡಸರೇ, ನೀವೇ ನೋಡಿರಿ. ನೋಡಿದ ಮೇಲೆ, ದಿನಾಲು ಅದರ ಮುಂದೆ ನಿಲ್ಲುವವರನ್ನು ‘ಸದ್ದು ಹೇಗಿದೆ?’ ಎಂದು ಕೇಳಿರಿ. ಅವರು ಹೇಳುವುದನ್ನು ಕಡೆಯ ತನಕ ಕೇಳಿರಿ. ನಮ್ಮ ಮನೆಗಳ ಮೇಲೆ ರಕ್ತದ ಅಪರಾಧವು ಬಾರದಂತೆ ಕರ್ತನು ನಮಗೆ ಕೇಳುವ ಕಿವಿಯನ್ನು ಅನುಗ್ರಹಿಸಲಿ. ಆಮೆನ್.