ಮನುಷ್ಯನೂ ಒಂದು ಸಂಪನ್ಮೂಲವೇ?

ಕಬ್ಬಿಣ, ವಿದ್ಯುತ್ತು, ಬಂಡವಾಳಗಳ ಸಾಲಿನಲ್ಲಿ ಮನುಷ್ಯನನ್ನೂ ಸೇರಿಸಿ 'ಮಾನವ ಸಂಪನ್ಮೂಲ' ಎನ್ನುವುದು ಈಗ ಉದ್ಯಮಗಳಲ್ಲಿ ರೂಢಿಯಾಗಿದೆ. ಕೆಲಸಗಾರರನ್ನು ಚೆನ್ನಾಗಿ ನಡೆಸಿಕೊಂಡರೆ ಸಂಸ್ಥೆಯ ಉತ್ಪನ್ನ ಹೆಚ್ಚುವುದೆಂದು ಹೇಳುತ್ತಾರೆ. ಹೆಚ್ಚದಿದ್ದರೆ ಚೆನ್ನಾಗಿ ನಡೆಸಿಕೊಳ್ಳಬೇಕಾದುದಿಲ್ಲವೇ?

ನಮ್ಮ ಜವಳಗಿರಿಯಿಂದ ಹೊಸೂರಿನ ಕಾರ್ಖಾನೆಗಳಿಗೆ ಹೋಗುವ ಯುವಕರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಗುತ್ತಿಗೆಯ ಕೆಲಸ. ಎರಡು ವರ್ಷ ಕಳೆದರೂ ಮೇಲ್ವಿಚಾರಕನಿಗೆ ಅವನ ಹೆಸರು ತಿಳಿಯದು, ಸಂಖ್ಯೆಯಿಂದಲೇ ಕರೆಯುತ್ತಿದ್ದನಂತೆ. ಒಂದು ದಿನ ಯಂತ್ರದ ಸದ್ದು ಬದಲಾದುದು ಇವನ ಕಿವಿಗೆ ಬಿತ್ತು. ಸುಮ್ಮನಿದ್ದ. ಮರುದಿನ ಯಂತ್ರ ಕೆಟ್ಟು ನಿಂತಿತು. "ಏಕಪ್ಪಾ ಹೇಳಲಿಲ್ಲ?" ಎಂದೆ. "ಯಾರಿಗೆ ಹೇಳಲಿ ಮೇಷ್ಟ್ರೇ? ನನ್ನ ಕೈಗೆ ಸಂಬಳ ಕೊಡುತ್ತಾರೆ, ಕಿವಿಗೆ ಅಲ್ಲವಲ್ಲ" ಎಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕೈಯ ದುಡಿಮೆಯನ್ನು ಕೂಲಿಯಿಂದ ಪಡೆಯಬಹುದು. ಮನಸ್ಸಿನ ಎಚ್ಚರವನ್ನು ದುಡಿಯುವವನು ತಾನಾಗಿ ಕೊಡಬೇಕು. ಸಂಸ್ಥೆಯ ಏಳಿಗೆ ಬಹುಮಟ್ಟಿಗೆ ಈ ಎರಡನೆಯದರಲ್ಲಿದೆ.

ಇದೇ ಹೊಸೂರಿನಲ್ಲಿ ಬೇರೊಂದು ಉದಾಹರಣೆಯುಂಟು. ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಸ್ಥಾಪಿಸಿದ ಟೈಟನ್ ಸಂಸ್ಥೆಯು ಇಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆದಾಗ, ಅನುಭವಿಗಳನ್ನೇ ಅರಸದೆ, ಆಗತಾನೆ ಶಾಲೆ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಟ್ಟಿತು. ಮನೆಯಲ್ಲಿ ಗಡಿಯಾರವೇ ಇಲ್ಲದ ಮಕ್ಕಳೂ ಅವರಲ್ಲಿ ಇದ್ದಿರಬಹುದು. ಕೂದಲೆಳೆಯಷ್ಟು ಸೂಕ್ಷ್ಮವಾದ ಆ ಕೆಲಸವನ್ನು ಅವರು ಕಲಿತರು. ಕಲಿಯಬಲ್ಲರೆಂದು ಯಾರೋ ಮೊದಲು ನಂಬಿದ್ದರು.

ಇದೂ ಲಾಭಕ್ಕಾಗಿಯೇ ಅಲ್ಲವೇ ಎಂದು ವಾಚಕರು ಕೇಳಬಹುದು. ಅಹುದು. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ವಾದಿಸಿದ. ಅಲ್ಲಿ 'ಬರಿಯ' ಎಂಬುದನ್ನು ಮರೆಯಬಾರದು. ಒಬ್ಬರಿಗೊಬ್ಬರು ಸಾಧನವಾಗದೆ ಲೋಕ ನಡೆಯದು. ಮಕ್ಕಳಿಗೆ ಅಕ್ಷರದ ಸಾಧನ ನಾನು, ನನಗೆ ಸಂಬಳದ ಸಾಧನ ಅವರು. ಅಷ್ಟಕ್ಕೇ ಸಂಬಂಧ ಮುಗಿದರೆ ದೋಷ. ಇನ್ನು, ಹೆಸರು ಹಿಡಿದು ಕರೆದ ಮಾತ್ರಕ್ಕೆ ಹೊಟ್ಟೆ ತುಂಬದು. ಕೂಲಿ ಕಡಮೆ ಕೊಟ್ಟು ಬೆನ್ನು ತಟ್ಟುವ ಧಣಿಗಳನ್ನೂ ನಾವು ಬಲ್ಲೆವು. ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯು ಕಾನೂನು ಕೇಳುವ ಮೊದಲೇ, 1912ರಲ್ಲಿ, ಎಂಟು ಗಂಟೆಯ ದುಡಿಮೆಯನ್ನು ಜಾರಿಗೆ ತಂದಿತು. ಗೌರವವು ಬಾಯಿಮಾತಿನಲ್ಲಿ ನಿಲ್ಲದೆ ಗಂಟೆಗಳ ಲೆಕ್ಕದಲ್ಲಿ ಕಂಡದ್ದು ಅಲ್ಲಿ.

ಆ ಹುಡುಗ ಬಂದುಹೋದ ಮರುದಿನ ತರಗತಿಯಲ್ಲಿ ಹಾಜರಿ ಪುಸ್ತಕ ತೆರೆದೆ. ಸಮಯ ಉಳಿಯುವುದೆಂದು ಹಲವು ವರ್ಷಗಳಿಂದ ನಾನೂ ಮಕ್ಕಳನ್ನು ಕ್ರಮಸಂಖ್ಯೆಯಿಂದಲೇ ಕರೆಯುತ್ತಿದ್ದೆ.