ನೀತಿಯ ಬೇರು ಮಣ್ಣಿನಲ್ಲಿದೆಯೇ? ಇಯಾನ್ ಮಾರಿಸ್ ಎತ್ತಿದ ಪ್ರಶ್ನೆ

ಮನುಷ್ಯರೆಲ್ಲ ಸಮಾನರು, ಗುಲಾಮಗಿರಿ ತಪ್ಪು, ಹೆಣ್ಣು ಗಂಡಿಗಿಂತ ಕಡಿಮೆಯಲ್ಲ ಎಂಬ ನಂಬಿಕೆಗಳು ವಿವೇಚನೆಯಿಂದ ಹುಟ್ಟಿದವೇ, ಅಥವಾ ಬದುಕಿನ ಏರ್ಪಾಡು ಬದಲಾದಾಗ ತಾವಾಗಿ ಬಂದವೇ? ತತ್ತ್ವಶಾಸ್ತ್ರದ ಈ ಪ್ರಶ್ನೆಯನ್ನು ಈಚೆಗೆ ಬಲವಾಗಿ ಎತ್ತಿದವರಲ್ಲಿ ಇಯಾನ್ ಮಾರಿಸ್ ಒಬ್ಬರು. ಅವರು ತತ್ತ್ವಜ್ಞಾನಿಯಲ್ಲ, ಪುರಾತತ್ತ್ವಜ್ಞ. 1960ರಲ್ಲಿ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮ್ ಮತ್ತು ಕೇಂಬ್ರಿಜ್‌ಗಳಲ್ಲಿ ಓದಿ, ಶಿಕಾಗೋದಲ್ಲಿ ಕಲಿಸಿ, 1995ರಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದವರು. ಗ್ರೀಸಿನ ಗೋರಿಗಳಿಂದ ಆರಂಭವಾದ ಅವರ ವಿದ್ವತ್ತು ಭೂಗೋಳದ ಮೂಲಕ ಹಾದು ಇಡೀ ಜಗತ್ತಿನ ಇತಿಹಾಸಕ್ಕೆ, ಅಲ್ಲಿಂದ ನೀತಿಯ ಪ್ರಶ್ನೆಗೆ ಬಂದು ನಿಂತಿದೆ.

ಗೋರಿಗಳ ಅಧ್ಯಯನವನ್ನು ತುಸು ವಿವರವಾಗಿಯೇ ನೋಡಬೇಕು. ಕ್ರಿ.ಪೂ. 8ನೇ ಶತಮಾನದಲ್ಲಿ ಅಥೆನ್ಸ್ ಸುತ್ತಮುತ್ತ ಗೋರಿಗಳ ಸಂಖ್ಯೆ ಒಮ್ಮೆಲೇ ಏರುತ್ತದೆ. ಜನಸಂಖ್ಯೆ ವೇಗವಾಗಿ ಬೆಳೆದದ್ದೇ ಇದಕ್ಕೆ ಕಾರಣವೆಂದು ಪುರಾತತ್ತ್ವಜ್ಞ ಆಂಥನಿ ಸ್ನಾಡ್‌ಗ್ರಾಸ್ ವಾದಿಸಿದ್ದರು. 1987ರಲ್ಲಿ ಹೊರಬಂದ ತಮ್ಮ ಮೊದಲ ಪುಸ್ತಕದಲ್ಲಿ ಮಾರಿಸ್ ಬೇರೊಂದು ದಾರಿ ತೋರಿದರು. 8ನೇ ಶತಮಾನಕ್ಕೂ ಮುಂಚಿನ ಗೋರಿಗಳಲ್ಲಿ ಮಕ್ಕಳು ವಿರಳ, ಬಡವರ ಸುಳಿವೂ ವಿರಳ. ಅವರೂ ಸತ್ತಿರಲೇಬೇಕು. ಆದರೆ ಗುರುತು ಉಳಿಯುವಂಥ ಸಂಸ್ಕಾರದ ಹಕ್ಕು ಅವರಿಗೆ ಇರಲಿಲ್ಲ. ಹಾಗಾದರೆ 8ನೇ ಶತಮಾನದಲ್ಲಿ ಹೆಚ್ಚಿದ್ದು ಕೇವಲ ಜನರಲ್ಲ. ಸಮುದಾಯದ ಸದಸ್ಯ ಎನಿಸಿಕೊಳ್ಳುವವರ ವಲಯವೇ ಹಿಗ್ಗಿತು. ನಗರರಾಜ್ಯದ ಹುಟ್ಟನ್ನು ಮಾರಿಸ್ ಇಲ್ಲಿ ಕಂಡರು. ಕ್ರಿ.ಪೂ. 700ರ ಹೊತ್ತಿಗೆ ಅಥೆನ್ಸಿನಲ್ಲಿ ಆ ವಲಯ ಮತ್ತೆ ಕುಗ್ಗಿತೆಂದೂ ಅವರು ತೋರಿಸಿದರು. ಸಮಾನತೆಯಂಥ ಅಮೂರ್ತ ಕಲ್ಪನೆ ಮಡಕೆ, ಮೂಳೆಗಳ ನಡುವೆಯೂ ತನ್ನ ಗುರುತು ಬಿಟ್ಟಿರುತ್ತದೆ ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಕೃತಿಗಳು ಕಡಿಮೆ. ಆ ವಾದದ ವಿವರಗಳ ಬಗ್ಗೆ ತಕರಾರುಗಳು ಬಂದರೂ, ಗೋರಿಗಳನ್ನು ಎಣಿಸಿ ಅಷ್ಟು ಜನ ಬದುಕಿದ್ದರೆಂದು ಸಲೀಸಾಗಿ ಹೇಳುವುದು ಆಮೇಲೆ ಸಾಧ್ಯವಾಗಲಿಲ್ಲ.

2000ರಿಂದ ಕೆಲವು ವರ್ಷ ಮಾರಿಸ್ ಸಿಸಿಲಿಯ ಮೊಂಟೆ ಪೊಲಿಜ್ಜೊ ಬೆಟ್ಟದ ಮೇಲೆ ಉತ್ಖನನ ನಡೆಸಿದರು. ಆ ಬಳಿಕ ಅವರ ದೃಷ್ಟಿ ಜಗತ್ತಿನಗಲಕ್ಕೆ ಹರಡಿತು. 2010ರಲ್ಲಿ ಬಂದ ‘ವೈ ದ ವೆಸ್ಟ್ ರೂಲ್ಸ್—ಫಾರ್ ನೌ’ ಕೃತಿಯಲ್ಲಿ ಪೂರ್ವ, ಪಶ್ಚಿಮಗಳ ಏಳುಬೀಳನ್ನು ಅವರು ನಾಲ್ಕು ಅಳತೆಗಳಲ್ಲಿ ತೂಗಿದರು: ಒಬ್ಬೊಬ್ಬರ ಪಾಲಿಗೆ ದಕ್ಕುವ ಶಕ್ತಿ, ಅತಿ ದೊಡ್ಡ ನಗರದ ಗಾತ್ರ, ಮಾಹಿತಿ ತಂತ್ರಜ್ಞಾನ, ಯುದ್ಧ ಸಾಮರ್ಥ್ಯ. ಅವರ ಲೆಕ್ಕದಂತೆ ಕ್ರಿ.ಶ. 6ನೇ ಶತಮಾನದಿಂದ 18ನೇ ಶತಮಾನದವರೆಗೆ ಚೀನಾ ಕೇಂದ್ರಿತ ಪೂರ್ವವೇ ಮುಂದಿತ್ತು. ಪಶ್ಚಿಮದ ಮೇಲುಗೈಗೆ ಜನಾಂಗವಾಗಲಿ, ಸಂಸ್ಕೃತಿಯಾಗಲಿ, ಮಹಾಪುರುಷರಾಗಲಿ ಕಾರಣವಲ್ಲ, ಭೂಗೋಳವೇ ಕಾರಣ ಎಂಬುದು ಅವರ ನಿಲುವು. ಆದರೆ ಇದು ಒರಟು ನಿಯತಿವಾದವಲ್ಲ. ಭೂಗೋಳ ಸಮಾಜವನ್ನು ರೂಪಿಸುತ್ತದೆ, ಸಮಾಜ ಬೆಳೆದಂತೆ ಭೂಗೋಳದ ಅರ್ಥವೇ ಬದಲಾಗುತ್ತದೆ. ಸಾವಿರಾರು ವರ್ಷ ಯುರೋಪಿನ ಅಂಚಿನಲ್ಲಿ ಬಿದ್ದಿದ್ದ ಬ್ರಿಟನ್, ಸಾಗರ ದಾಟುವ ಹಡಗುಗಳು ಬಂದಮೇಲೆ ಅಟ್ಲಾಂಟಿಕ್‌ನ ಹೆಬ್ಬಾಗಿಲಾಯಿತು. 2022ರ ‘ಜಿಯಾಗ್ರಫಿ ಈಸ್ ಡೆಸ್ಟಿನಿ’ ಈ ಒಂದು ದ್ವೀಪದ 10,000 ವರ್ಷಗಳ ಕಥೆ.

ನೀತಿಯ ಪ್ರಶ್ನೆ ನೇರವಾಗಿ ಎದುರಾಗುವುದು 2012ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮಾನವ ಮೌಲ್ಯಗಳ ಕುರಿತು ಕೊಟ್ಟ ಟ್ಯಾನರ್ ಉಪನ್ಯಾಸಗಳಲ್ಲಿ. ಅವು 2015ರಲ್ಲಿ ‘ಫೋರೇಜರ್ಸ್, ಫಾರ್ಮರ್ಸ್ ಅಂಡ್ ಫಾಸಿಲ್ ಫ್ಯೂಯೆಲ್ಸ್’ ಎಂಬ ಪುಸ್ತಕವಾದವು. ಅದರ ಆರಂಭದಲ್ಲಿ 1982ರ ಒಂದು ನೆನಪಿದೆ. ಉತ್ತರ ಗ್ರೀಸಿನ ಅಸ್ಸಿರೋಸ್ ಹಳ್ಳಿಯಲ್ಲಿ ಮುದುಕನೊಬ್ಬ ಕತ್ತೆಯ ಮೇಲೆ ಕೂತು ಬರುತ್ತಿದ್ದ. ಹೆಂಡತಿ ಮೂಟೆ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದಳು. ಅವಳೇಕೆ ಸವಾರಿ ಮಾಡುತ್ತಿಲ್ಲ ಎಂದು ಕೇಳಿದ್ದಕ್ಕೆ, ಅವಳ ಹತ್ತಿರ ಕತ್ತೆ ಇಲ್ಲವಲ್ಲ ಎಂಬ ಉತ್ತರ ಬಂತು. ಮುದುಕನಿಗೆ ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಏಕೆ ಕಾಣಲಿಲ್ಲ ಎಂಬುದಕ್ಕೆ ಇಡೀ ಪುಸ್ತಕವೇ ಉತ್ತರ.

ಮಾರಿಸ್ ಪ್ರಕಾರ ಸಮಾಜವೊಂದು ತನ್ನ ಶಕ್ತಿಯನ್ನು ಎಲ್ಲಿಂದ ಪಡೆಯುತ್ತದೆ ಎಂಬುದೇ ಅದರ ಮೌಲ್ಯಗಳನ್ನು ರೂಪಿಸುತ್ತದೆ. ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುವವರು ಸಮಾನತೆಯನ್ನು ಮೆಚ್ಚುತ್ತಾರೆ, ಹಿಂಸೆಯನ್ನೂ ಸಾಕಷ್ಟು ಸಹಿಸುತ್ತಾರೆ. ಬೇಸಾಯಗಾರರ ಸಮಾಜ ಮೇಲುಕೀಳನ್ನು ಒಪ್ಪಿಕೊಂಡು ಹಿಂಸೆಗೆ ಕಡಿವಾಣ ಹಾಕುತ್ತದೆ. ಹೊಲ, ಆಸ್ತಿ, ವಾರಸುದಾರಿಕೆ, ಹಲವು ಹೆರಿಗೆಗಳು ಹೆಣ್ಣನ್ನು ಮನೆಗೆ ಕಟ್ಟಿಹಾಕುತ್ತವೆ. ಕೂಲಿಗೆ ಜನ ಸಿಗದ ಕಡೆ ಬಲವಂತದ ದುಡಿಮೆ ಬರುತ್ತದೆ. ಕಲ್ಲಿದ್ದಲು, ತೈಲಗಳ ಯುಗದಲ್ಲಿ ಯಂತ್ರ ತೋಳ್ಬಲದ ಬೆಲೆ ಇಳಿಸಿತು, ಹೆರಿಗೆಗಳು ಕಡಿಮೆಯಾದವು, ದೊಡ್ಡ ಮಾರುಕಟ್ಟೆಗೆ ಸ್ವತಂತ್ರ ಕೂಲಿಗಾರರೂ ಕೊಳ್ಳುವವರೂ ಬೇಕಾದರು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನೂ 1833ರಲ್ಲಿ ವಸಾಹತುಗಳ ಗುಲಾಮಗಿರಿಯನ್ನೂ ರದ್ದುಪಡಿಸುವ ಶಾಸನ ಮಾಡಿದ್ದು ಉಗಿಯಂತ್ರದ ಕಾಲದಲ್ಲೇ. ಈ ವಾದದಂತೆ ಪ್ರತಿ ಯುಗಕ್ಕೂ ಅದಕ್ಕೆ ಬೇಕಾದ ವಿಚಾರವೇ ದಕ್ಕುತ್ತದೆ.

ಪುಸ್ತಕದಲ್ಲೇ ಸೇರಿರುವ ಪ್ರತಿಕ್ರಿಯೆಗಳಲ್ಲಿ ತತ್ತ್ವಜ್ಞಾನಿ ಕ್ರಿಸ್ಟೀನ್ ಕಾರ್ಸ್‌ಗಾರ್ಡ್ ಅವರದು ಅತ್ಯಂತ ಹರಿತ. ಜನ ಯಾವುದನ್ನು ಸರಿಯೆಂದು ನಂಬಿದ್ದಾರೆ ಎಂಬುದು ಒಂದು, ನಿಜಕ್ಕೂ ಯಾವುದು ಸರಿ ಎಂಬುದು ಇನ್ನೊಂದು. ಮೌಲ್ಯಗಳು ಕೆಲಸ ಮಾಡುವುದೇ ಜನ ಅವುಗಳನ್ನು ನಿಜವೆಂದು ನಂಬುವುದರಿಂದ; ಅವು ಬರೀ ಉಪಯೋಗಕ್ಕೆ ಬಂದ ಹೊಂದಾಣಿಕೆಗಳೆಂದು ಎಲ್ಲರೂ ತಿಳಿದ ದಿನ ಆ ಹಿಡಿತವೇ ಸಡಿಲವಾಗುತ್ತದೆ. ಗ್ರೀಕ್ ವಿದ್ವಾಂಸ ರಿಚರ್ಡ್ ಸೀಫರ್ಡ್ ಪ್ರಾಚೀನ ಅಥೆನ್ಸನ್ನು ಮುಂದಿಟ್ಟರು: ಬೇಸಾಯದ ಲೋಕದಲ್ಲೇ ಪ್ರಜಾಪ್ರಭುತ್ವ ಹೇಗೆ ಹುಟ್ಟಿತು? ಅಲ್ಲಿಯೂ ಗುಲಾಮರಿದ್ದರು, ಹೆಣ್ಣಿಗೆ ಮತವಿರಲಿಲ್ಲ ಎಂಬುದು ನಿಜ. ಆದರೂ ಪ್ರಶ್ನೆ ಉಳಿಯುತ್ತದೆ. ಕಾದಂಬರಿಕಾರ್ತಿ ಮಾರ್ಗರೆಟ್ ಆಟ್‌ವುಡ್ ಅವರ ಚಿಂತೆ ಬೇರೆ: ಕಲ್ಲಿದ್ದಲು, ತೈಲಗಳ ಈ ಶಕ್ತಿಯ ಹರಿವೇ ನಿಂತರೆ ಈಗಿನ ಮೌಲ್ಯಗಳ ಗತಿಯೇನು?

ಮಾರಿಸ್ ವಾದಕ್ಕೆ ಬಲವಾದ ಉತ್ತರ ಅವರದೇ ಮೊದಲ ಪುಸ್ತಕದಲ್ಲಿದೆ ಎನ್ನಬೇಕು. ಕ್ರಿ.ಪೂ. 8ನೇ ಶತಮಾನದ ಅಥೆನ್ಸಿಗೂ 7ನೇ ಶತಮಾನದ ಅಥೆನ್ಸಿಗೂ ಅದೇ ನೇಗಿಲು, ಅದೇ ಎತ್ತು, ಅದೇ ಆಲಿವ್ ತೋಟ. ಶಕ್ತಿಯ ಮೂಲ ಬದಲಾಗದೆ ಇದ್ದರೂ ಯಾರು ಸಮುದಾಯದವರು ಎಂಬ ತೀರ್ಮಾನ ಮಾತ್ರ ಕೆಲವೇ ತಲೆಮಾರುಗಳಲ್ಲಿ ಹಿಗ್ಗಿ ಕುಗ್ಗಿತು. ಅಂದರೆ ಆ ಕಾಲದ ಜನ ಅದಕ್ಕಾಗಿ ಜಗಳವಾಡಿದ್ದಾರೆ, ಗೆದ್ದಿದ್ದಾರೆ, ಸೋತಿದ್ದಾರೆ. ಗಂಗಾ ಬಯಲಿನ ರೈತ ಸಮಾಜದಲ್ಲಿ ಬುದ್ಧ ಭಿಕ್ಷುಸಂಘದ ಬಾಗಿಲನ್ನು ಎಲ್ಲ ವರ್ಣದವರಿಗೂ ತೆರೆದದ್ದೂ ಇಂಥದೇ ಸಂಗತಿ. ಶಕ್ತಿಯ ಮೂಲವು ಯಾವ ಮೌಲ್ಯ ಬಹುಕಾಲ, ಬಹುಜನರ ನಡುವೆ ಬೇರೂರಬಲ್ಲದು ಎಂಬುದಕ್ಕೆ ಎಲ್ಲೆ ಹಾಕುತ್ತದೆ. ಮಾರಿಸ್ ಇಷ್ಟನ್ನು ಮನವರಿಕೆಯಾಗುವಂತೆ ತೋರಿಸಿದ್ದಾರೆ. ಅಸ್ಸಿರೋಸ್‌ನ ಹೆಣ್ಣುಮಗಳಿಗೆ ಅನ್ಯಾಯವಾಯಿತೇ ಎಂಬ ಪ್ರಶ್ನೆಗೆ ಮಾತ್ರ ಈ ವಿವರಣೆ ಉತ್ತರವಾಗುವುದಿಲ್ಲ. ಆಯಿತು ಎಂದು ಹೇಳಲು ಕಾರಣ ಕೊಡಬೇಕೇ ಹೊರತು ಶಕ್ತಿಯ ಲೆಕ್ಕವನ್ನಲ್ಲ.